ಟೈಲ್ಸ್ ಸಂದಿಗೆ ಯಾವ ಗ್ರೌಟ್, ಎಷ್ಟು ಕೆಜಿ? ಓದುಗರ ಪ್ರಶ್ನೆಗಳಿಗೆ ಉತ್ತರ

ಮನೆ ಕಟ್ಟುವವರಿಂದ ಈ ಸಲ ಬಂದ ಪತ್ರಗಳಲ್ಲಿ ಟೈಲ್ಸ್‌ಗಿಂತ ಟೈಲ್ಸ್ ನಡುವಿನ ಸಂದಿನ ಬಗ್ಗೆಯೇ ಹೆಚ್ಚು ಪ್ರಶ್ನೆ. ಒಳ್ಳೆಯದೇ ಆಯಿತು. ಟೈಲ್ಸ್ ಆರಿಸಲು ನಾಲ್ಕು ಅಂಗಡಿ ಸುತ್ತುವವರೂ ಸಂದು ತುಂಬುವ ಗ್ರೌಟ್ ವಿಷಯವನ್ನು ಮೇಸ್ತ್ರಿಗೆ ಬಿಟ್ಟುಬಿಡುತ್ತಾರೆ. ಎರಡು ಮಳೆಗಾಲ ಕಳೆದ ಮೇಲೆ ಕಪ್ಪಾಗುವುದು, ಉದುರುವುದು, ಪಾಚಿ ಹಿಡಿಯುವುದು ಆ ಸಂದೇ. ಸಂದಿನ ಅಗಲ, ಆಳ, ಅಲ್ಲಿ ಬೀಳುವ ನೀರು, ಈ ಮೂರನ್ನು ಟೈಲ್ಸ್ ಕೂರಿಸುವ ಮೊದಲೇ ತೀರ್ಮಾನಿಸಿಕೊಂಡರೆ ಯಾವ ಗ್ರೌಟ್, ಎಷ್ಟು ಎಂಬ ಪ್ರಶ್ನೆಗೆ ಉತ್ತರ ಅಲ್ಲೇ ಸಿಗುತ್ತದೆ.

ಪ್ರಶ್ನೆ (ಹಾಸನ): ಹೊಸ ಮನೆಗೆ ಟೈಲ್ಸ್ ಹಾಕಿಸುತ್ತಿದ್ದೇವೆ. ಹಾಲ್ ಮತ್ತು ಎರಡು ರೂಮು ಸೇರಿ ಆರೂವರೆ ಚದರ, 2×2 ವಿಟ್ರಿಫೈಡ್. 5×8 ಅಡಿಯ ಎರಡು ಬಾತ್‌ರೂಮು. ಗೋಡೆಗೆ ಏಳಡಿ ಎತ್ತರದವರೆಗೆ 12×18, ನೆಲಕ್ಕೆ 1×1. ಅಡುಗೆಮನೆಯಲ್ಲಿ 16 ಅಡಿ ಕಟ್ಟೆಯ ಮೇಲೆ ಎರಡಡಿ 12×18. ಮೇಸ್ತ್ರಿ 20 ಕೆಜಿ ಗ್ರೌಟ್ ತನ್ನಿ ಅನ್ನುತ್ತಾರೆ, ಅಂಗಡಿಯವರು 10 ಕೆಜಿ ಸಾಕು ಅನ್ನುತ್ತಾರೆ. ಲೆಕ್ಕ ಹಾಕುವುದು ಹೇಗೆ?

ಉತ್ತರ: ಸೂತ್ರ ಸುಲಭ. ಎಲ್ಲ ಅಳತೆಯನ್ನೂ ಮಿ.ಮೀ.ನಲ್ಲಿ ಹಿಡಿಯಿರಿ.

(ಉದ್ದ + ಅಗಲ) ÷ (ಉದ್ದ × ಅಗಲ) × ಟೈಲಿನ ದಪ್ಪ × ಸಂದಿನ ಅಗಲ × 1.6

ಬರುವ ಉತ್ತರ ಒಂದು ಚದರ ಮೀಟರಿಗೆ ಬೇಕಾದ ಕೆಜಿ. ನಮ್ಮಲ್ಲಿ ಎಲ್ಲರೂ ಮಾತಾಡುವುದು ನೂರು ಚದರ ಅಡಿಯ 'ಚದರ'ದ ಲೆಕ್ಕದಲ್ಲಿ. ಆದ್ದರಿಂದ ಅದನ್ನು 9.29ರಿಂದ ಗುಣಿಸಿ. ಕೊನೆಯ 1.6 ಗ್ರೌಟಿನ ಸಾಂದ್ರತೆ. ಚೀಲದ ಮೇಲೆ ಬೇರೆ ಅಂಕಿ ಕೊಟ್ಟಿದ್ದರೆ ಅದನ್ನೇ ಹಾಕಿ.

2×2 ಎಂದರೆ 600×600 ಮಿ.ಮೀ. ದಪ್ಪ 9, ಸಂದು 2 ಎಂದಿಟ್ಟುಕೊಂಡರೆ ಚದರ ಮೀಟರಿಗೆ 0.096 ಕೆಜಿ, ಅಂದರೆ ಒಂದು ಚದರಕ್ಕೆ ಸುಮಾರು 0.9 ಕೆಜಿ. ನಿಮ್ಮ ಆರೂವರೆ ಚದರಕ್ಕೆ 5.8 ಕೆಜಿ. ನೆಲಕ್ಕೆ ನೂರಕ್ಕೆ ಹತ್ತು ಪೋಲು ಸೇರಿಸಿದರೆ 6.4, ಒಂದು ಕೆಜಿಯ ಏಳು ಪ್ಯಾಕೆಟ್ ತನ್ನಿ.

ಬಾತ್‌ರೂಮಿನ ಗೋಡೆಗೆ ಸುತ್ತಳತೆ 26 ಅಡಿ, ಎತ್ತರ 7, ಗುಣಿಸಿದರೆ 182. ಬಾಗಿಲು, ವೆಂಟಿಲೇಟರ್ ಕಳೆದರೆ ಸುಮಾರು 161 ಚದರ ಅಡಿ, ಎರಡಕ್ಕೆ 322. 12×18 ಎಂದರೆ 300×450. ದಪ್ಪ 8, ಸಂದು 2 ಆದರೆ ಒಂದು ಚದರಕ್ಕೆ 1.32 ಕೆಜಿ, ಒಟ್ಟು 4.3. ನೆಲದ 1×1, ಅಂದರೆ 300×300, ಅದಕ್ಕೆ 3 ಮಿ.ಮೀ. ಸಂದು ಬಿಡಿಸಿ. ಒಂದು ಚದರಕ್ಕೆ 2.4 ಕೆಜಿಯಂತೆ 80 ಚದರ ಅಡಿಗೆ 1.9. ಅಡುಗೆಮನೆಯ 32 ಚದರ ಅಡಿಗೆ ಅರ್ಧ ಕೆಜಿಗಿಂತ ಕಡಿಮೆ. ನೀರು ಬೀಳುವ ಈ ಮೂರೂ ಕಡೆ ಎಪಾಕ್ಸಿ ಗ್ರೌಟ್, ಅಂದರೆ ಸಿಮೆಂಟಿನ ಬದಲು ರೆಸಿನ್‌ನಿಂದ (ರಾಳ) ಮಾಡಿದ್ದನ್ನು ಹಾಕಿಸಿ. ಎಪಾಕ್ಸಿಯಲ್ಲಿ ಪೋಲು ಹೆಚ್ಚು, ನೂರಕ್ಕೆ ಹದಿನೈದು ಹಿಡಿಯಿರಿ: ಒಟ್ಟು 7.6 ಕೆಜಿ. ಒಂದೇ ಬಣ್ಣವಾದರೆ 8 ಕೆಜಿ ಸಾಕು.

ಹೀಗೆ 7 ಕೆಜಿ ಸಿಮೆಂಟ್ ಗ್ರೌಟ್, 8 ಕೆಜಿ ಎಪಾಕ್ಸಿ. ಮೇಸ್ತ್ರಿ ಹೇಳಿದ್ದೂ ಅಂಗಡಿಯವರು ಹೇಳಿದ್ದೂ ಬರೀ ಅಂದಾಜು. ಅವರಿಬ್ಬರೂ ಸಂದು ಎಷ್ಟು ಅಗಲ ಎಂದು ಕೇಳಿರಲಾರರು. ಆದರೆ ಲೆಕ್ಕವನ್ನು ಏರಿಸುವುದು, ಇಳಿಸುವುದು ಅದೇ. ಅದೇ 2×2 ಟೈಲಿಗೆ ಸಂದು 2ರಿಂದ 3ಕ್ಕೆ ಹೋದರೆ ಗ್ರೌಟ್ ಒಂದೂವರೆ ಪಟ್ಟು. ಟೈಲ್ ಚಿಕ್ಕದಾದಷ್ಟೂ ಸಂದು ಹೆಚ್ಚು: 4×2 ಟೈಲಿಗೆ ಚದರಕ್ಕೆ 0.7 ಕೆಜಿ ಸಾಕಾದರೆ, 25 ಮಿ.ಮೀ.ನ ಮೊಸಾಯಿಕ್ ಹಾಳೆಗೆ ದಪ್ಪ ಬರೀ 4 ಮಿ.ಮೀ. ಆದರೂ 9.5 ಕೆಜಿ ಬೇಕು. ದಪ್ಪವನ್ನು ಡಬ್ಬದ ಮೇಲೆ ಓದಬೇಡಿ, ಒಡೆದ ತುಂಡೊಂದನ್ನು ಎತ್ತಿಕೊಂಡು ಸ್ಕೇಲಿನಲ್ಲಿ ಅಳೆಯಿರಿ.

ಇನ್ನೊಂದು ಎಚ್ಚರಿಕೆ. ಟೈಲ್ಸ್ ಒತ್ತಿ ಕೂರಿಸುವಾಗ ಕೆಳಗಿನ ಗಾರೆಯೋ ಅಂಟೋ ಸಂದಿನೊಳಗೆ ಉಕ್ಕಿ ಬರುತ್ತದೆ. ಅದು ಹಸಿಯಿರುವಾಗಲೇ ಹಳೆಯ ಹ್ಯಾಕ್ಸಾ ಬ್ಲೇಡಿನಿಂದ ಕೆರೆದು ತೆಗೆಸಿ. ಟೈಲಿನ ದಪ್ಪದಲ್ಲಿ ಮೂರರಲ್ಲಿ ಎರಡು ಪಾಲಾದರೂ ಸಂದು ಖಾಲಿ ಇರಬೇಕು. ಕೆರೆಯದೆ ಹಾಗೇ ಬಿಟ್ಟರೆ ಗ್ರೌಟ್ ಉಳಿತಾಯವಾದಂತೆ ಕಾಣುತ್ತದೆ, ಮೇಲಿನ ತೆಳು ಪದರ ಮಾತ್ರ ಆರು ತಿಂಗಳಲ್ಲಿ ಹಕ್ಕಳೆಯಾಗಿ ಏಳುತ್ತದೆ.

ಪ್ರಶ್ನೆ (ಮೈಸೂರು): ಹಾಲಿಗೆ 2×2 ಟೈಲ್ಸ್ ಅನ್ನು ಸಂದೇ ಇಲ್ಲದಂತೆ ಜೋಡಿಸಿ, ಮೇಲೆ ವೈಟ್ ಸಿಮೆಂಟ್ ಬಳಿದರೆ ಚೆನ್ನಾಗಿ ಕಾಣುತ್ತದೆ ಎಂದು ಮೇಸ್ತ್ರಿ ಹೇಳುತ್ತಾರೆ. ಗ್ರೌಟ್ ಅನ್ನುವುದು ದಂಡದ ಖರ್ಚಂತೆ. ನಿಜವೇ?

ಉತ್ತರ: ಬೇಡ ಎಂದು ನೇರವಾಗಿ ಹೇಳಿಬಿಡಿ. ಒಂದೇ ಡಬ್ಬದ ಟೈಲ್ಸ್‌ಗಳಲ್ಲೂ ಅಳತೆಯಲ್ಲಿ ಕೂದಲೆಳೆಯ ವ್ಯತ್ಯಾಸ ಇರುತ್ತದೆ. ಸಂದು ಬಿಡದಿದ್ದರೆ ಹತ್ತನೇ ಸಾಲಿಗೆ ಹೋಗುವಷ್ಟರಲ್ಲಿ ಗೆರೆ ತಪ್ಪುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಶಾಖದ್ದು. ಮೂವತ್ತಡಿ ಉದ್ದದ ನೆಲ 20 ಡಿಗ್ರಿ ಬಿಸಿ ಏರಿದರೆ ಒಂದು ಮಿ.ಮೀ.ಗಿಂತ ಸ್ವಲ್ಪ ಹೆಚ್ಚು ಹಿಗ್ಗುತ್ತದೆ. ಅದೇ ಹೊತ್ತಿಗೆ ಕೆಳಗಿನ ಸಿಮೆಂಟ್ ಗಾರೆ ಒಣಗುತ್ತಾ ಕುಗ್ಗುತ್ತಿರುತ್ತದೆ. ಹಿಗ್ಗಲು ಜಾಗವಿಲ್ಲದ ಟೈಲ್ಸ್ ಒಂದಕ್ಕೊಂದು ಒತ್ತಿಕೊಂಡು, ಒಂದು ಮಧ್ಯಾಹ್ನ ಹಾಲಿನ ನಡುವೆ ಗುಡಾರದಂತೆ ಮೇಲೇಳುತ್ತವೆ. 'ಟೈಲ್ಸ್ ತಾನಾಗೇ ಸಿಡಿಯಿತು' ಎಂದು ಬರುವ ಪತ್ರಗಳಲ್ಲಿ ಈ ಎರಡು ಕಾರಣ ಒಟ್ಟಿಗೇ ಇರುತ್ತವೆ: ಟೈಲಿನ ಕೆಳಗೆ ಪೂರ್ತಿ ಗಾರೆ ತುಂಬಿಲ್ಲ, ಟೈಲಿನ ನಡುವೆ ಜಾಗವಿಲ್ಲ.

ಅಂಚು ಯಂತ್ರದಲ್ಲಿ ಕತ್ತರಿಸಿ ಸಮಮಾಡಿದ ಟೈಲ್ಸ್‌ಗೆ 2 ಮಿ.ಮೀ., ಉಳಿದವಕ್ಕೆ 3 ಮಿ.ಮೀ. ಸ್ಪೇಸರ್ (ಸಂದು ಸಮನಾಗಿರಲು ಟೈಲ್ಸ್ ನಡುವೆ ಇಡುವ ತುಂಡು) ಹಾಕಿಸಿ. ಗೋಡೆಯ ಬುಡದಲ್ಲಿ ಸುತ್ತ 5ರಿಂದ 6 ಮಿ.ಮೀ. ಖಾಲಿ ಬಿಡಿಸಿ, ಅದರ ಮೇಲೆ ಸ್ಕರ್ಟಿಂಗ್ ಬರುವುದರಿಂದ ಕಣ್ಣಿಗೆ ಕಾಣುವುದಿಲ್ಲ. ಈ ಜಾಗಕ್ಕೆ ಗಾರೆ ಮೆತ್ತಿ ಮುಚ್ಚುವುದು ಬಹಳ ಕಡೆ ನಡೆಯುತ್ತದೆ, ಮುಚ್ಚಲು ಬಿಡಬೇಡಿ.

ವೈಟ್ ಸಿಮೆಂಟಿನಲ್ಲಿ ಪಾಲಿಮರ್ ಇಲ್ಲ. ಹರಿಯುವಂತೆ ನೀರಾಗಿ ಕಲಸಿ ಬಳಿಯುವುದರಿಂದ ಒಣಗುವಾಗ ಕುಗ್ಗಿ ಸಣ್ಣ ಬಿರುಕು ಬಿಡುತ್ತದೆ, ನೆಲ ಒರೆಸಿದ ನೀರನ್ನೆಲ್ಲ ಕುಡಿದು ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಹಾಲಿಗೆ ಪಾಲಿಮರ್ ಸೇರಿದ ಸಿಮೆಂಟ್ ಗ್ರೌಟ್ ಸಾಕು, ಎಪಾಕ್ಸಿ ಬೇಕೇಬೇಕೆಂದಿಲ್ಲ. 3 ಮಿ.ಮೀ.ವರೆಗಿನ ಸಂದಿಗೆ ಮರಳಿಲ್ಲದ ನುಣುಪು ಗ್ರೌಟ್, ಅದಕ್ಕಿಂತ ಅಗಲವಾದರೆ ಮರಳು ಸೇರಿದ್ದು. ನುಣುಪಿನದನ್ನು ಅಗಲ ಸಂದಿಗೆ ತುಂಬಿದರೆ ಬಿರುಕು. ಮರಳಿನದನ್ನು ಕಿರಿದಾದ ಸಂದಿಗೆ ತುರುಕಿದರೆ ಅದು ಬಾಯಲ್ಲೇ ಸಿಕ್ಕಿಕೊಂಡು ಒಳಗೆ ಪೊಳ್ಳು ಉಳಿಯುತ್ತದೆ.

ಅಂಟಿನಿಂದ ಕೂರಿಸಿದ್ದರೆ 24 ಗಂಟೆ ಬಿಟ್ಟು ಸಂದು ತುಂಬಿಸಿ. ಗಾರೆಯ ಮೇಲಾದರೆ ಮೂರರಿಂದ ಏಳು ದಿನ ಕಾಯಬೇಕು. ಇಲ್ಲದಿದ್ದರೆ ಕೆಳಗಿನ ತೇವ ಮೇಲೆ ಬಂದು ಗ್ರೌಟ್ ಒಂದು ಕಡೆ ಗಾಢ, ಒಂದು ಕಡೆ ಮಾಸಲು ಆಗುತ್ತದೆ. ಕಲಸುವಾಗ ಪಾತ್ರೆಗೆ ಮೊದಲು ನೀರು, ಆಮೇಲೆ ಪುಡಿ. ಕೆಜಿಗೆ ಎಷ್ಟು ಮಿ.ಲೀ. ಎಂದು ಪ್ಯಾಕೆಟ್ಟಿನ ಮೇಲೆ ಇರುತ್ತದೆ. ಅದನ್ನು ಅಳತೆ ಲೋಟದಲ್ಲಿ ಹಿಡಿದು ಹಾಕಿಸಿ, ಮಗ್ಗಿನಲ್ಲಿ ಸುರಿಯಲು ಬಿಡಬೇಡಿ. ಗಂಟಿಲ್ಲದಂತೆ ಕಲಸಿ, ಐದು ಹತ್ತು ನಿಮಿಷ ಬಿಟ್ಟು, ಮತ್ತೊಮ್ಮೆ ಕಲಸಿ ಬಳಸಬೇಕು. ಗಟ್ಟಿಯಾಗುತ್ತಾ ಬಂತೆಂದು ನಡುವೆ ನೀರು ಚಿಮುಕಿಸುವ ಅಭ್ಯಾಸವೇ ಪುಡಿ ಪುಡಿಯಾಗುವ ಗ್ರೌಟಿಗೆ ಮೂಲ. ರಬ್ಬರ್ ಫ್ಲೋಟ್‌ನಿಂದ ಸಂದಿಗೆ ಓರೆಯಾಗಿ ಒತ್ತಿ ತುಂಬಿ, ಮೇಲಿನ ಹೊಳಪು ಹೋದ ಮೇಲೆ, ಅಂದರೆ ಹದಿನೈದರಿಂದ ಮೂವತ್ತು ನಿಮಿಷಕ್ಕೆ, ಚೆನ್ನಾಗಿ ಹಿಂಡಿದ ಸ್ಪಂಜಿನಿಂದ ಓರೆಯಾಗಿಯೇ ಒರೆಸಿಸಿ. ಸಂದಿನ ಉದ್ದಕ್ಕೆ ಒರೆಸಿದರೆ ಗ್ರೌಟ್ ಕಿತ್ತು ಬಂದು ನಡುವೆ ಹಳ್ಳವಾಗುತ್ತದೆ. ಆಮೇಲೆ ಎರಡು ಮೂರು ದಿನ ಒದ್ದೆ ಬಟ್ಟೆಯಿಂದ ತೇವ ಆರದಂತೆ ನೋಡಿಕೊಳ್ಳಿ.

ಪ್ರಶ್ನೆ (ಕಲಬುರಗಿ): ಬೇಸಿಗೆಯಲ್ಲಿ ಬಾತ್‌ರೂಮಿಗೆ 5 ಕೆಜಿ ಎಪಾಕ್ಸಿ ಪ್ಯಾಕ್ ಒಮ್ಮೆಲೇ ಕಲಸಿದೆವು. ಅರ್ಧ ಬಕೆಟ್‌ನಲ್ಲೇ ಕಲ್ಲಾಯಿತು, ಬಕೆಟ್ ಮುಟ್ಟಿದರೆ ಬಿಸಿ. ತುಂಬಿದ ಕಡೆ ಮ್ಯಾಟ್ ಟೈಲ್ಸ್ ಮೇಲೆ ಮಂಜಿನಂಥ ಅಂಟು ಪೊರೆ ಉಳಿದಿದೆ. ಮಾಲು ಹಾಳಾಗಿತ್ತೇ?

ಉತ್ತರ: ಮಾಲು ಸರಿಯಾಗಿಯೇ ಇತ್ತು. ಎಪಾಕ್ಸಿಯಲ್ಲಿ ಮೂರು ಭಾಗ: ರೆಸಿನ್, ಹಾರ್ಡನರ್, ಬಣ್ಣದ ಪುಡಿ. ಮೊದಲೆರಡು ಸೇರಿದ ಕ್ಷಣದಿಂದ ಬಿಸಿ ಹುಟ್ಟುತ್ತದೆ, ಆ ಬಿಸಿಯೇ ಗಟ್ಟಿಯಾಗುವ ವೇಗ ಹೆಚ್ಚಿಸುತ್ತದೆ. ಬಕೆಟ್‌ನಲ್ಲಿ ರಾಶಿಯಾಗಿ ಇದ್ದಷ್ಟೂ ಬಿಸಿ ಹೊರಹೋಗಲು ದಾರಿಯಿಲ್ಲ. 25ರಿಂದ 30 ಡಿಗ್ರಿಯಲ್ಲಿ ಸಾಮಾನ್ಯವಾಗಿ ಮುಕ್ಕಾಲು ಗಂಟೆ ಸಿಗುವ ಸಮಯ, ನಿಮ್ಮೂರಿನ 40 ಡಿಗ್ರಿಯಲ್ಲಿ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಒಂದು ಕೆಜಿಯ ಪ್ಯಾಕ್‌ಗಳನ್ನೇ ಕೊಳ್ಳಿ. ಬೆಲೆ ತುಸು ಹೆಚ್ಚಾದರೂ ಒಂದೊಂದೇ ಒಡೆದು ಮುಗಿಸಬಹುದು. ದೊಡ್ಡ ಪ್ಯಾಕನ್ನು ಕಣ್ಣಂದಾಜಿನಲ್ಲಿ ಅರ್ಧ ಮಾಡಬೇಡಿ. ಹಾರ್ಡನರ್ ತುಸು ಕಡಿಮೆಯಾದರೂ ಗ್ರೌಟ್ ವರ್ಷವಿಡೀ ಅಂಟಂಟಾಗಿ ಉಳಿಯುತ್ತದೆ. ಪಾಲು ಮಾಡಲೇಬೇಕಾದರೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಮೂರನ್ನೂ ಬೇರೆ ಬೇರೆ ತೂಗಿ, ಪ್ಯಾಕಿನ ಪ್ರಮಾಣದಲ್ಲೇ ತೆಗೆಯಿರಿ. ಡಬ್ಬಗಳನ್ನು ರಾತ್ರಿಯೇ ನೆರಳಿನ ತಂಪಿನಲ್ಲಿಟ್ಟು, ಬೆಳಗ್ಗೆ ಎಂಟಕ್ಕೆ ಕೆಲಸ ಶುರುಮಾಡಿ. ಕಲಸಿದ ಕೂಡಲೇ ಬಕೆಟ್‌ನಿಂದ ಅಗಲವಾದ ಹಲಗೆಯ ಮೇಲೆ ತೆಳುವಾಗಿ ಹರಡಿಕೊಂಡು ಅಲ್ಲಿಂದ ತುಂಬಿಸಿ. ಒಬ್ಬರು ತುಂಬುತ್ತಾ ಹೋದಂತೆ ಇನ್ನೊಬ್ಬರು ಹಿಂದೆಯೇ ತೊಳೆಯುತ್ತಾ ಬರಬೇಕು. ಒಬ್ಬನೇ ಆಳಿನ ಕೈಯಲ್ಲಿ ಇದು ಆಗದ ಕೆಲಸ. ಗ್ಲೌಸ್ ಇಲ್ಲದೆ ಮುಟ್ಟಲು ಬಿಡಬೇಡಿ, ರೆಸಿನ್ ತಾಗಿ ತಾಗಿ ಕೆಲಸಗಾರರಿಗೆ ಚರ್ಮದ ಅಲರ್ಜಿ ಬರುತ್ತದೆ.

ಇನ್ನು ಪೊರೆಯ ಮಾತು. ತುಂಬಿದ ಹದಿನೈದು ಇಪ್ಪತ್ತು ನಿಮಿಷಕ್ಕೆ ಸ್ವಲ್ಪ ನೀರು ಚಿಮುಕಿಸಿ, ಬಿಳಿ ಸ್ಕ್ರಬ್ ಪ್ಯಾಡಿನಿಂದ ವೃತ್ತಾಕಾರವಾಗಿ ಉಜ್ಜಿ, ಆ ಕೊಳೆಯನ್ನು ಸ್ಪಂಜಿನಿಂದ ಎತ್ತಿಬಿಡಬೇಕಿತ್ತು. ನೀರನ್ನು ಆಗಾಗ ಬದಲಿಸದಿದ್ದರೆ ಅದೇ ರೆಸಿನ್ ಇಡೀ ಟೈಲಿನ ಮೇಲೆ ಹರಡುತ್ತದೆ. ಮರುದಿನದೊಳಗಾದರೆ ಬಿಸಿನೀರು, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಸಾಕಾಗಬಹುದು. ಈಗ ಪೂರ್ತಿ ಗಟ್ಟಿಯಾಗಿದೆ. ಎಪಾಕ್ಸಿ ಪೊರೆ ತೆಗೆಯಲೆಂದೇ ಮಾರುವ ದ್ರಾವಣ ತಂದು, ಬಾಗಿಲ ಹಿಂದಿನ ಒಂದು ಟೈಲಿನ ಮೇಲೆ ಪರೀಕ್ಷಿಸಿ ನೋಡಿ ಆಮೇಲೆ ಉಳಿದದ್ದಕ್ಕೆ ಹಾಕಿ. ಆಸಿಡ್‌ನಿಂದ ಇದು ಹೋಗುವುದಿಲ್ಲ.

ಪ್ರಶ್ನೆ (ಉಡುಪಿ): ಚಾವಡಿಗೆ ಎರಡು ಚದರ ಮಣ್ಣಿನ ಟೈಲ್ಸ್ ಹಾಕಿಸುತ್ತೇವೆ, 9 ಇಂಚು ಚೌಕ, 18 ಮಿ.ಮೀ. ದಪ್ಪ. ಸಂದು ಅಗಲ ಇರಲಿ ಎಂಬ ಆಸೆ.

ಉತ್ತರ: ಮಣ್ಣಿನ ಟೈಲ್ಸ್‌ನ ಅಂಚು ಒಂದರಂತೆ ಒಂದಿರುವುದಿಲ್ಲ, ಆದ್ದರಿಂದ 8 ಮಿ.ಮೀ. ಸಂದು ಸರಿಯಾದ ಆಯ್ಕೆ. ಗ್ರೌಟ್ ಮಾತ್ರ ನೀವು ಎಣಿಸಿರದಷ್ಟು ಬೇಕು. ಮರಳು ಸೇರಿದ ಗ್ರೌಟ್ ಭಾರ, ಸೂತ್ರದಲ್ಲಿ 1.6ರ ಬದಲು 1.8 ಹಿಡಿದರೆ ಒಂದು ಚದರಕ್ಕೆ 21 ಕೆಜಿ. ಎರಡು ಚದರಕ್ಕೆ ಪೋಲು ಸೇರಿ 46 ಕೆಜಿ. ಇಷ್ಟು ಅಗಲದ ಸಂದಿಗೆ ಒಂದು ಪಾಲು ಸಿಮೆಂಟಿಗೆ ಎರಡು ಪಾಲು ಸಣ್ಣ ಜರಡಿ ಹಿಡಿದ ಮರಳು ಸೇರಿಸಿ ಅಲ್ಲೇ ಕಲಸಿಸಿದರೂ ನಡೆಯುತ್ತದೆ. ಉಪ್ಪಿನ ಅಂಶವಿರುವ ಮರಳು ಮಾತ್ರ ಬೇಡವೇ ಬೇಡ.

ಮುಖ್ಯವಾದ ಕೆಲಸ ಗ್ರೌಟಿಗೂ ಮೊದಲಿನದು. ಈ ಟೈಲ್ಸ್ ಬಣ್ಣವನ್ನೂ ನೀರನ್ನೂ ಹೀರುತ್ತವೆ. ಕೂರಿಸಿ ಒಣಗಿದ ಮೇಲೆ, ಸಂದು ತುಂಬುವ ಮುನ್ನ, ಒಳಗೆ ಇಳಿಯುವಂಥ ಸೀಲರ್ ಒಂದು ಕೈ ಹೊಡೆಸಿ. ಹಾಗೆ ಮಾಡದಿದ್ದರೆ ಸಿಮೆಂಟಿನ ಬೂದು ಬಣ್ಣ ಕೆಂಪು ಮುಖದ ರಂಧ್ರಗಳಲ್ಲಿ ಕೂತು, ಎಷ್ಟು ಉಜ್ಜಿದರೂ ಹೋಗದ ಮಾಸಲು ಉಳಿಯುತ್ತದೆ. ಸೀಲರ್ ಸಂದಿನ ಬದಿಗೆ ಇಳಿಯದಂತೆ ಬಟ್ಟೆಯಲ್ಲಿ ಬಳಿಸಿ, ಬದಿಗೆ ಇಳಿದರೆ ಗ್ರೌಟ್ ಕಚ್ಚುವುದಿಲ್ಲ. ಕೆಲಸವನ್ನು ಮಳೆಗಾಲ ಶುರುವಾಗುವ ಮೊದಲೇ ಮುಗಿಸಿಕೊಳ್ಳಿ.

ಪ್ರಶ್ನೆ (ಕೋಲಾರ): ಹೊಸ ನೆಲದ ಸಂದುಗಳ ಉದ್ದಕ್ಕೂ ಬಿಳಿ ಪುಡಿ ಏಳುತ್ತಿದೆ. ಆಸಿಡ್ ಹಾಕಿ ತೊಳೆದರೆ ವಾರ ಸರಿ ಇರುತ್ತದೆ, ಮತ್ತೆ ಬರುತ್ತದೆ. ನಮ್ಮದು ಬೋರ್‌ವೆಲ್ ನೀರು.

ಉತ್ತರ: ಆಸಿಡ್ ಇಂದೇ ನಿಲ್ಲಿಸಿ. ಅದು ಬಿಳಿ ಪುಡಿಯ ಜೊತೆಗೆ ಸಿಮೆಂಟ್ ಗ್ರೌಟಿನ ಸುಣ್ಣವನ್ನೂ ಕರಗಿಸುತ್ತದೆ. ಪ್ರತಿ ಸಲವೂ ಸಂದು ಒಂದಿಷ್ಟು ಸವೆದು, ಇನ್ನಷ್ಟು ನೀರು ಕುಡಿಯುತ್ತದೆ. ಕೆಳಗಿನ ಗಾರೆಯ ತೇವ ಮೇಲೆ ಬರುವಾಗ ಕರಗಿದ ಸುಣ್ಣ, ಲವಣಗಳನ್ನು ಹೊತ್ತು ತರುತ್ತದೆ, ನೀರು ಆರಿದ ಮೇಲೆ ಅವು ಬಿಳಿಯಾಗಿ ನಿಲ್ಲುತ್ತವೆ. ಗಾರೆಗೂ ಗ್ರೌಟಿಗೂ ಗಡಸು ನೀರನ್ನೇ ಬಳಸಿದ್ದರೆ ಲವಣ ಇನ್ನೂ ಹೆಚ್ಚು.

ಒಂದು ತಿಂಗಳು ನೆಲಕ್ಕೆ ನೀರು ಸುರಿಯದೆ, ದಿನಾ ಒಣ ಬ್ರಷ್‌ನಿಂದ ಉಜ್ಜಿ ಪುಡಿಯನ್ನು ಗುಡಿಸಿ ತೆಗೆಯಿರಿ. ಫ್ಯಾನ್, ಕಿಟಕಿ ತೆರೆದಿರಲಿ. ಬರುವುದು ಕ್ರಮೇಣ ಕಡಿಮೆಯಾದರೆ ಅದು ಕಟ್ಟಡದ ತೇವ, ತಾನೇ ಮುಗಿಯುತ್ತದೆ. ಆಗ ಉಳಿದ ಕಲೆಗೆ ಸಂದನ್ನು ಮೊದಲು ನೀರಿನಿಂದ ಒದ್ದೆ ಮಾಡಿ, ತೆಳುವಾದ ಸಲ್ಫಾಮಿಕ್ ಆಸಿಡ್ ದ್ರಾವಣ ಒಮ್ಮೆ ಮಾತ್ರ ಹಚ್ಚಿ ಕೂಡಲೇ ತೊಳೆಯಿರಿ. ಒಂದೇ ಗೋಡೆಯ ಬುಡದಲ್ಲಿ ಮಾತ್ರ ನಿಲ್ಲದೆ ಬರುತ್ತಿದ್ದರೆ ಅಲ್ಲಿ ಪೈಪ್ ಸೋರುತ್ತಿದೆಯೇ ನೋಡಿಸಿ. ಮುಂದಿನ ಕೆಲಸಕ್ಕೆ ಗ್ರೌಟ್ ಕಲಸಲು ಕುಡಿಯುವ ನೀರನ್ನೇ ಕೊಡಿ, ಬೇಕಾಗುವುದು ಹೆಚ್ಚೆಂದರೆ ಎರಡು ಮೂರು ಲೀಟರ್.

ಪ್ರಶ್ನೆ (ಬೆಂಗಳೂರು): ನಮ್ಮ ಫ್ಲಾಟಿನ ಬಾತ್‌ರೂಮಿನಿಂದ ಕೆಳಗಿನ ಮನೆಯವರ ಚಾವಣಿಗೆ ನೀರು ಇಳಿಯುತ್ತಿದೆ. ಸಂದುಗಳಿಗೆ ಎಪಾಕ್ಸಿ ಹಾಕಿಸಿದರೆ ನಿಲ್ಲುತ್ತದೆ ಎನ್ನುತ್ತಾರೆ.

ಉತ್ತರ: ಪರೀಕ್ಷೆ ಮಾಡದೆ ಖರ್ಚು ಮಾಡಬೇಡಿ. ಗ್ರೌಟ್ ಜಲನಿರೋಧಕ ಪದರವಲ್ಲ, ಆ ಪದರ ಟೈಲ್ಸ್ ಕೆಳಗೆ ಇರಬೇಕಾದದ್ದು. ಮೊದಲು ಎರಡು ದಿನ ಬಾತ್‌ರೂಮ್ ಬಳಸದೆ, ಪೈಪಿನಲ್ಲಿ ಮಾತ್ರ ನೀರಿನ ಒತ್ತಡ ಇರಲಿ. ಕೆಳಗೆ ತೇವ ಹೆಚ್ಚಾದರೆ ಪೈಪಿನದೇ ದೋಷ. ಇಲ್ಲವಾದರೆ ನೆಲದ ನೀರು ಹೊರಹೋಗುವ ನಾನಿ ಟ್ರ್ಯಾಪಿನ ಬಾಯಿ ಮುಚ್ಚಿ, ನೆಲದಲ್ಲಿ ಒಂದಿಂಚು ನೀರು ನಿಲ್ಲಿಸಿ 24 ಗಂಟೆ ಬಿಡಿ. ಆಗ ಇಳಿದರೆ ನೆಲದ್ದು. ಇಳಿಯದೆ, ಟ್ರ್ಯಾಪ್ ತೆರೆದು ಬಿಟ್ಟ ಮೇಲೆ ಇಳಿದರೆ ಟ್ರ್ಯಾಪ್ ಮತ್ತು ಅದರ ಪೈಪಿನ ಜೋಡಣೆಯದು.

ನೆಲದ ಸೋರಿಕೆ ಸಣ್ಣದಾಗಿದ್ದರೆ ಸಂದು ಬದಲಿಸುವುದರಿಂದ ಒಂದಷ್ಟು ಕಾಲ ತಡೆಯಬಹುದು. ಹಳೆಯ ಗ್ರೌಟನ್ನು ಮೂರರಲ್ಲಿ ಎರಡು ಪಾಲು ಆಳಕ್ಕೆ ಕೆರೆದು, ವ್ಯಾಕ್ಯೂಮ್ ಹಿಡಿದು, ಪೂರ್ತಿ ಒಣಗಿಸಿ ಎಪಾಕ್ಸಿ ತುಂಬಬೇಕು. ಹಳೆಯದರ ಮೇಲೇ ಸವರಿದ್ದು ನಿಲ್ಲುವುದಿಲ್ಲ. ಗೋಡೆ ನೆಲ ಸೇರುವ ಮೂಲೆಗೆ ಎಪಾಕ್ಸಿಯೂ ಬೇಡ. ಅಲ್ಲಿ ಗೋಡೆ ಒಂದು ಕಡೆ, ನೆಲ ಒಂದು ಕಡೆ ಅಲುಗುತ್ತವೆ, ಬೂಸ್ಟು ಹಿಡಿಯದ ಸಿಲಿಕೋನ್ ತುಂಬಿಸಿ. 5 ಮಿ.ಮೀ. ಅಗಲ, ಅಷ್ಟೇ ಆಳದ ಸಂದಿಗೆ 280 ಮಿ.ಲೀ.ನ ಒಂದು ಟ್ಯೂಬ್ 36 ಅಡಿ ಬರುತ್ತದೆ. 5×8ರ ಬಾತ್‌ರೂಮಿನಲ್ಲಿ ಬಾಗಿಲಿನ ಅಗಲ ಕಳೆದು, ಏಳಡಿಯ ನಾಲ್ಕು ನಿಂತ ಮೂಲೆಯೂ ಸೇರಿ ಸುಮಾರು 51 ಅಡಿ, ಎರಡು ಟ್ಯೂಬ್ ಬೇಕು.

ಪ್ರಶ್ನೆ (ದಾವಣಗೆರೆ): ತಾರಸಿಗೆ ಬಿಳಿ ಕೂಲ್ ಟೈಲ್ಸ್ ಹಾಕಿಸುತ್ತೇವೆ. ಎಪಾಕ್ಸಿ ಹಾಕಿಸಿದರೆ ಶಾಶ್ವತವಲ್ಲವೇ?

ಉತ್ತರ: ಬಿಸಿಲಿಗೆ ಬಿಳಿ ಎಪಾಕ್ಸಿ ಹಳದಿಯಾಗುತ್ತದೆ. 5 ಮಿ.ಮೀ. ಸಂದು ಬಿಟ್ಟು ಪಾಲಿಮರ್ ಸೇರಿದ ಮರಳಿನ ಗ್ರೌಟ್ ಹಾಕಿಸಿ. ತಾರಸಿಯಲ್ಲಿ ನಿಜವಾಗಿ ಕಾಪಾಡುವುದು ಹಿಗ್ಗುವ ಸಂದು: ಎರಡೂ ದಿಕ್ಕಿನಲ್ಲಿ 8ರಿಂದ 12 ಅಡಿಗೊಂದು, ಪ್ಯಾರಾಪೆಟ್ ಗೋಡೆಯ ಬುಡದಲ್ಲಿ ಸುತ್ತಲೂ. ಅದಕ್ಕೆ ಗ್ರೌಟ್ ತುಂಬಬಾರದು. ಫೋಮ್ ಹುರಿ ಇಳಿಸಿ ಮೇಲೆ ಪಾಲಿಯುರಿಥೇನ್ ಸೀಲಂಟ್.

ಪ್ರಶ್ನೆ (ತುಮಕೂರು): ನೆಲಕ್ಕೆ ಯಾವ ಬಣ್ಣದ ಗ್ರೌಟ್? ಸಂಪಿನ ಒಳಗೂ ಟೈಲ್ಸ್ ಹಾಕಿಸಿದ್ದೇವೆ, ಅಲ್ಲಿಗೆ ಯಾವುದು?

ಉತ್ತರ: ನೆಲಕ್ಕೆ ಬಿಳಿ ಬೇಡ, ಟೈಲಿಗಿಂತ ಅರ್ಧ ಛಾಯೆ ಗಾಢವಾದ ಬೂದು ಅಥವಾ ಬೀಜ್. ಒಣಗಿದ ಮೇಲೆ ಸಿಮೆಂಟ್ ಗ್ರೌಟ್ ಹಸಿಯಿದ್ದಾಗಿನದಕ್ಕಿಂತ ತಿಳಿಯಾಗುತ್ತದೆ, ಆದ್ದರಿಂದ ಎರಡು ತುಂಡು ಟೈಲ್ ನಡುವೆ ತುಂಬಿ ಒಣಗಿಸಿ ನೋಡಿ ತೀರ್ಮಾನಿಸಿ. ಬೇಕಾದಷ್ಟನ್ನೂ ಒಂದೇ ಬ್ಯಾಚ್ ನಂಬರಿನದು ಒಟ್ಟಿಗೆ ತನ್ನಿ. ಆಮೇಲೆ ತಂದ ಒಂದು ಪ್ಯಾಕೆಟ್ ಹಾಲಿನ ನಡುವೆ ಪಟ್ಟೆಯಾಗಿ ಎದ್ದು ಕಾಣುತ್ತದೆ.

ಸಂಪಿಗೆ ಎಪಾಕ್ಸಿಯೇ ಸರಿ. ಪ್ಯಾಕಿನ ಮೇಲೆ ಕುಡಿಯುವ ನೀರಿನ ತೊಟ್ಟಿಗೆ ಬಳಸಬಹುದು ಎಂದು ಬರೆದಿರುವುದನ್ನೇ ಆರಿಸಿ. ಒಳಗೆ ಇಳಿದು ಕೆಲಸ ಮಾಡುವವರಿಗೆ ಗಾಳಿ ಆಡಲು ಮುಚ್ಚಳ ಪೂರ್ತಿ ತೆಗೆದು, ಮೇಲಿನಿಂದ ಫ್ಯಾನ್ ಬಿಡಿ. ಮೇಲೆ ಒಬ್ಬರು ಕಾವಲಿರಲಿ. ತುಂಬಿದ ಏಳು ದಿನದವರೆಗೆ ನೀರು ಬಿಡಬೇಡಿ. ಒಮ್ಮೆ ತೊಳೆದು, ಮೊದಲ ಸಲ ತುಂಬಿಸಿದ ನೀರನ್ನು ಗಿಡಗಳಿಗೆ ಬಿಟ್ಟು, ಎರಡನೇ ಸಲದಿಂದ ಬಳಸಿ.